ನೀರಿನ ರೈಡ್‌ಗಳಲ್ಲಿ ಎಲ್ಲಿ ಕೂರಬೇಕು: ಮೂರು ಬಗೆಯ ದೋಣಿಗಳು, ನಾಲ್ಕು ಕರವಸ್ತ್ರಗಳು

ಮುಂದೆ ಕೂತವರು ತೊಯ್ದು ತೊಪ್ಪೆಯಾಗುತ್ತಾರೆ, ಹಿಂದೆ ಕೂತವರು ಬಚಾವಾಗುತ್ತಾರೆ ಎಂಬ ಮಾತನ್ನು ಥೀಮ್ ಪಾರ್ಕಿನ ಸರದಿಯಲ್ಲಿ ನಿಂತಾಗಲೆಲ್ಲ ಕೇಳುತ್ತಲೇ ಬಂದಿದ್ದೇನೆ. ಆ ಮಾತನ್ನು ನಂಬಿಯೇ ಒಮ್ಮೆ ನನ್ನ ತಾಯಿಯನ್ನು ದಿಮ್ಮಿಯಾಕಾರದ ದೋಣಿಯ ಕೊನೆಯ ಸೀಟಿನಲ್ಲಿ ಕೂರಿಸಿದ್ದೆ. ದೋಣಿ ಇಳಿಜಾರಿನ ತುದಿಯನ್ನು ಮುಟ್ಟುವುದಕ್ಕೂ ಮೊದಲೇ, ಇನ್ನೂ ಏರುಪಟ್ಟಿಯ ಮೇಲೆ ಹತ್ತುತ್ತಿರುವಾಗಲೇ, ಅವರ ಕಾಲು ಪಾದದಿಂದ ಮೊಣಕಾಲಿನವರೆಗೆ ನೆನೆದುಹೋಗಿತ್ತು. ಮೇಲಿನಿಂದ ಒಂದು ಹನಿಯೂ ಬಿದ್ದಿರಲಿಲ್ಲ. ಹಾಗಾದರೆ ಆ ನೀರು ಬಂದದ್ದೆಲ್ಲಿಂದ ಎಂಬ ಪ್ರಶ್ನೆ ನನ್ನನ್ನು ಬಿಡಲಿಲ್ಲ.

ಜನಸಂದಣಿ ಕಡಿಮೆಯಿದ್ದ ದಿನಗಳನ್ನು ಆರಿಸಿಕೊಂಡು, ಮೂರು ಬಗೆಯ ನೀರಿನ ರೈಡ್‌ಗಳಲ್ಲಿ ಬೇರೆ ಬೇರೆ ಸೀಟುಗಳಲ್ಲಿ ಕೂತು ನೋಡಿದೆ. ಕಣ್ಣಂದಾಜಿನ ಮೇಲೆ ನನಗೆ ನಂಬಿಕೆಯಿರಲಿಲ್ಲ, ಏಕೆಂದರೆ ಮುಖಕ್ಕೆ ಒಂದು ಬೊಗಸೆ ನೀರು ಬಿದ್ದರೂ ಪೂರ್ತಿ ಒದ್ದೆಯಾದಂತೆಯೇ ಅನ್ನಿಸುತ್ತದೆ. ಆದ್ದರಿಂದ ಒಂದೇ ಅಳತೆಯ ನಾಲ್ಕು ಹತ್ತಿಯ ಕರವಸ್ತ್ರಗಳನ್ನು ತೆಗೆದುಕೊಂಡು, ಒಂದನ್ನು ಭುಜಕ್ಕೆ ಪಿನ್ ಹಾಕಿ, ಒಂದನ್ನು ಎದೆಯ ಜೇಬಿನಿಂದ ಅರ್ಧ ಹೊರಗೆ ಇಳಿಬಿಟ್ಟು, ಉಳಿದೆರಡನ್ನು ಮೊಣಕಾಲಿಗೂ ಪಾದಕ್ಕೂ ಕಟ್ಟಿಕೊಳ್ಳುತ್ತಿದ್ದೆ. ಇಳಿದ ಮೇಲೆ ಪ್ರತಿಯೊಂದನ್ನೂ ಹಿಂಡಿ ನೋಡಿ, ಮುಂದಿನ ಸುತ್ತಿಗೆ ಒಣಗಿದ ಜೊತೆಯನ್ನು ಬಳಸುತ್ತಿದ್ದೆ. ಒಂದೊಂದು ಸೀಟಿಗೆ ಕನಿಷ್ಠ ಮೂರು ಸುತ್ತು ಎಂಬುದು ನಾನೇ ಹಾಕಿಕೊಂಡ ನಿಯಮ. ಇದರಿಂದ ಎಷ್ಟು ಒದ್ದೆ ಎಂಬುದಷ್ಟೇ ಅಲ್ಲದೆ ಎಲ್ಲಿ ಒದ್ದೆ ಎಂಬುದೂ ಗೊತ್ತಾಗತೊಡಗಿತು. ಸೀಟಿನ ಆಯ್ಕೆಯಲ್ಲಿ ಹೆಚ್ಚು ಬೆಲೆಯುಳ್ಳದ್ದು ಈ ಎರಡನೆಯ ಸಂಗತಿಯೇ.

ಮೊದಲು ದಿಮ್ಮಿ ದೋಣಿ, ಅಂದರೆ ಲಾಗ್ ಫ್ಲೂಮ್. ಬೆಟ್ಟದ ಕಾಡುಗಳಲ್ಲಿ ಕಡಿದ ಮರಗಳನ್ನು ತಗ್ಗಿನ ಗರಗಸದ ಕಾರ್ಖಾನೆಗಳಿಗೆ ತೇಲಿಸಿಬಿಡಲು ಕಟ್ಟುತ್ತಿದ್ದ ಹಲಗೆಯ ಕಾಲುವೆಗಳೇ ಇದರ ಮೂಲ. ಆ ಕಾಲುವೆಯನ್ನು ಆಟವಾಗಿ ಮಾರ್ಪಡಿಸಿದ ಆರೋ ಡೆವಲಪ್‌ಮೆಂಟ್ ಸಂಸ್ಥೆಯು 1963ರಲ್ಲಿ ಅಮೆರಿಕದ ಸಿಕ್ಸ್ ಫ್ಲ್ಯಾಗ್ಸ್ ಓವರ್ ಟೆಕ್ಸಾಸ್ ಪಾರ್ಕಿನಲ್ಲಿ ಎಲ್ ಅಸೆರಡೆರೋ ಎಂಬ ರೈಡನ್ನು ತೆರೆಯಿತು. ಸ್ಪ್ಯಾನಿಶ್ ಭಾಷೆಯಲ್ಲಿ ಆ ಹೆಸರಿಗೆ ಗರಗಸದ ಕಾರ್ಖಾನೆ ಎಂದೇ ಅರ್ಥ. ನಾನು ಪರೀಕ್ಷಿಸಿದ ದೋಣಿಯಲ್ಲಿ ನಾಲ್ವರು ಒಬ್ಬರ ಹಿಂದೊಬ್ಬರು ಸಾಲಾಗಿ ಕೂರಬೇಕು.

ಮೊದಲ ಸೀಟಿನಲ್ಲಿ ಬೀಳುವ ಏಟು ಒಂದೇ, ಆದರೆ ಅದು ನೇರವಾಗಿ ಮುಖಕ್ಕೆ ಮತ್ತು ಎದೆಗೆ ಬೀಳುತ್ತದೆ. ಇಳಿಜಾರಿನ ಬುಡದಲ್ಲಿ ದೋಣಿಯ ಮೂತಿ ನೀರಿಗೆ ಬಡಿದ ಕೂಡಲೇ ನೀರು ಮುಂದಕ್ಕೂ ಎರಡು ಪಕ್ಕಗಳಿಗೂ ಚಿಮ್ಮುತ್ತದೆ; ಮೂತಿಯ ಬಾಗು ಅದರಲ್ಲಿ ಬಹುಪಾಲನ್ನು ಹೊರಗೆ ತಳ್ಳಿದರೂ, ನೆಟ್ಟಗೆ ಮೇಲೆದ್ದ ಪಾಲು ಮೊದಲ ಸವಾರನ ಮೇಲೆಯೇ ಬಂದು ಬೀಳುತ್ತದೆ. ಎದೆಯ ಕರವಸ್ತ್ರವನ್ನು ಹಿಂಡಿದಾಗ ಮೂರೂ ಸಲ ಧಾರೆಯಾಗಿ ನೀರು ಇಳಿಯಿತು. ಪಾದದ ಕರವಸ್ತ್ರದ ಒಂದು ಮೂಲೆ ಮಾತ್ರ ತೇವವಾಗಿತ್ತು. ಕಾಲುವೆಯ ತಿರುವುಗಳನ್ನು, ತುದಿಯಲ್ಲಿ ಇದ್ದಕ್ಕಿದ್ದಂತೆ ಬಯಲಾಗುವ ಆಳವನ್ನು ಯಾರ ತಲೆಯೂ ಅಡ್ಡ ಬರದಂತೆ ನೋಡಬೇಕೆನ್ನುವವರಿಗೆ ಈ ಸೀಟಿಗೆ ಸಾಟಿಯಾದದ್ದು ಇನ್ನೊಂದಿಲ್ಲ.

ಎರಡನೆಯ ಸೀಟೇ ಅತ್ಯಂತ ಒಣ ಜಾಗ, ಆದರೆ ಒಂದು ಷರತ್ತಿನ ಮೇಲೆ. ನನ್ನ ಮುಂದೆ ಎತ್ತರದ ವಯಸ್ಕರೊಬ್ಬರು ಕೂತಿದ್ದಾಗ ಅವರ ಬೆನ್ನೇ ನನಗೆ ಗೋಡೆಯಾಯಿತು. ನಾಲ್ಕೂ ಕರವಸ್ತ್ರಗಳನ್ನು ಹಿಂಡಿದರೂ ತೊಟ್ಟು ನೀರು ಬರಲಿಲ್ಲ. ಅದೇ ಸೀಟಿನಲ್ಲಿ, ಮುಂದೆ ನನ್ನ ಹತ್ತು ವರ್ಷದ ಮಗಳನ್ನು ಕೂರಿಸಿಕೊಂಡು ಹೋದಾಗ, ಅವಳ ತಲೆಯ ಮೇಲಿನಿಂದ ಹಾರಿಬಂದ ನೀರು ನನ್ನ ಗಂಟಲಿನಿಂದ ಮೇಲಕ್ಕೆ ಪೂರ್ತಿಯಾಗಿ ಬಡಿಯಿತು. ಎದೆಯ ಜೇಬು ಮಾತ್ರ ಒಣಗಿಯೇ ಇತ್ತು. ಹಾಗಾಗಿ ಎರಡನೆಯ ಸೀಟನ್ನು ಆರಿಸುವವರು ಮೊದಲ ಸೀಟಿನಲ್ಲಿ ಯಾರಿದ್ದಾರೆ ಎಂಬುದನ್ನೂ ನೋಡಿಕೊಂಡೇ ಆರಿಸಬೇಕು.

ಮೂರನೆಯ ಸೀಟಿನ ಕತೆ ಬೇರೆ. ಎರಡು ಪಕ್ಕಗಳಿಗೆ ರೆಕ್ಕೆಯಂತೆ ಎದ್ದ ನೀರು ಗಾಳಿಯಲ್ಲಿ ಕ್ಷಣಕಾಲ ನಿಂತು ಕೆಳಗಿಳಿಯುವಷ್ಟರಲ್ಲಿ ದೋಣಿ ಮುಂದಕ್ಕೆ ಸರಿದಿರುತ್ತದೆ, ಆದ್ದರಿಂದ ಮೂತಿಯ ಬಳಿ ಎದ್ದ ನೀರು ಬೀಳುವುದು ಮೂರನೆಯವನ ಭುಜದ ಮೇಲೆ. ಎದೆ ಒಣ, ಭುಜ ಒದ್ದೆ. ಗಾಳಿ ಯಾವ ಕಡೆಯಿಂದ ಬೀಸುತ್ತಿದೆಯೋ ಆ ಕಡೆಯ ಭುಜಕ್ಕೆ ಮಳೆಯ ಎರಚಲಿನಂತೆ ಇನ್ನಷ್ಟು ಹೆಚ್ಚು.

ಇನ್ನು ನಾಲ್ಕನೆಯದು, ನನ್ನ ತಾಯಿ ಕೂತಿದ್ದ ಸೀಟು. ಹಿಂದಿನ ಸುತ್ತುಗಳಲ್ಲಿ ಒಳಗೆ ಬಿದ್ದ ನೀರೆಲ್ಲ ದೋಣಿಯಿಂದ ಹೊರಹೋಗಿರುವುದಿಲ್ಲ; ಒಂದೆರಡು ಬೆರಳಿನಷ್ಟು ಎತ್ತರಕ್ಕೆ ಅದು ತಳದಲ್ಲಿ ನಿಂತೇ ಇರುತ್ತದೆ. ಸಮತಟ್ಟಾದ ಕಾಲುವೆಯಲ್ಲಿ ಇರುವವರೆಗೆ ಅದು ಯಾರ ಗಮನಕ್ಕೂ ಬರುವುದಿಲ್ಲ. ದೋಣಿ ಏರುಪಟ್ಟಿಯನ್ನು ಹಿಡಿದು ಮೂತಿ ಮೇಲೆತ್ತಿದೊಡನೆ ಆ ನೀರೆಲ್ಲ ಸದ್ದಿಲ್ಲದೆ ಹಿಂದಕ್ಕೆ ಹರಿದು ಕೊನೆಯವರ ಪಾದದ ಸುತ್ತ ಮಡುಗಟ್ಟುತ್ತದೆ. ನಾನು ಬಗ್ಗಿ ನೋಡಿದಾಗ ಒಂದು ಒಣಗಿದ ಎಲೆ ಮೊದಲ ಸೀಟಿನ ಅಡಿಯಿಂದ ತೇಲುತ್ತ ಬಂದು ನನ್ನ ಹಿಮ್ಮಡಿಗೆ ತಾಗಿ ನಿಂತಿತು, ಇಳಿಜಾರು ಶುರುವಾದ ಕೂಡಲೇ ಅದೇ ನೀರಿನೊಂದಿಗೆ ಮುಂದಕ್ಕೆ ಓಡಿಹೋಯಿತು. ಪಾದದ ಕರವಸ್ತ್ರ ಮೂರೂ ಸುತ್ತುಗಳಲ್ಲಿ ಪೂರ್ತಿ ನೆನೆದಿತ್ತು, ಭುಜದ್ದು ಮೂರೂ ಸಲ ಒಣಗಿತ್ತು. ಇದು ಗೊತ್ತಾದ ಮೇಲೆ ತಾಯಿಯನ್ನು ಮತ್ತೆ ಕರೆದುಕೊಂಡು ಹೋಗಿ, ಮೊದಲ ಸೀಟಿನಲ್ಲಿ ನಾನು ಕೂತು, ಎರಡನೆಯದರಲ್ಲಿ ಅವರನ್ನು ಕೂರಿಸಿದೆ. ಇಳಿದಾಗ ಅವರ ಎಡ ತೋಳಿನ ಮೇಲೆ ಅಂಗೈಯಗಲದ ಒಂದು ಗುರುತು ಬಿಟ್ಟರೆ ಬೇರೆಲ್ಲೂ ಒದ್ದೆಯಿರಲಿಲ್ಲ.

ಆದರೆ ಬೀಳುವ ಅನುಭವಕ್ಕಾಗಿಯೇ ರೈಡ್ ಹತ್ತುವವರಿಗೆ, ಕಾಲು ನೆನೆದರೂ ಸರಿಯೇ, ನಾನು ಹೇಳುವುದು ಕೊನೆಯ ಸೀಟನ್ನೇ. ಮೊದಲ ಸೀಟು ತುದಿಯನ್ನು ದಾಟುವಾಗ ದೋಣಿ ಇನ್ನೂ ನಿಧಾನವಾಗಿ ತೆವಳುತ್ತಿರುತ್ತದೆ. ಕೊನೆಯ ಸೀಟು ಅದೇ ತುದಿಗೆ ಬರುವ ಹೊತ್ತಿಗೆ ಮುಂಭಾಗವೆಲ್ಲ ಇಳಿಜಾರಿಗೆ ಬಿದ್ದು ಹಿಂಭಾಗವನ್ನು ಎಳೆಯುತ್ತಿರುತ್ತದೆ. ಹಾಗಾಗಿ ಸೀಟಿನಿಂದ ಮೈ ಎದ್ದಂತಾಗಿ ಎದೆ ಝಲ್ಲೆನ್ನುವುದು ಹಿಂದೆ ಕೂತವರಿಗೇ ಹೆಚ್ಚು. ಅದಲ್ಲದೆ ನಾನು ಹತ್ತಿದ ದೋಣಿಯಲ್ಲಿ ಬೆನ್ನಿಗೆ ಗಟ್ಟಿಯಾದ ಒರಗು ಇದ್ದದ್ದು ಆ ಸೀಟಿಗೆ ಮಾತ್ರ.

ಈ ಲೆಕ್ಕವೆಲ್ಲ ಸಾಲುದೋಣಿಗೆ ಸಲ್ಲುವಂಥದ್ದು. ಒಂದೇ ಹೆಸರಿನ ರೈಡಿನಲ್ಲೂ ಆಸನಗಳ ಜೋಡಣೆ ಬೇರೆಯಿರಬಹುದು: ಡಿಸ್ನಿಯ ಸ್ಪ್ಲ್ಯಾಶ್ ಮೌಂಟನ್ 1989ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ತೆರೆದಾಗ ಅದರ ದಿಮ್ಮಿಗಳಲ್ಲಿ ಸವಾರರು ಒಬ್ಬರ ಹಿಂದೊಬ್ಬರು ಕೂರುತ್ತಿದ್ದರು, 1992ರಲ್ಲಿ ಫ್ಲಾರಿಡಾದಲ್ಲಿ ತೆರೆದ ಅದೇ ರೈಡಿನಲ್ಲಿ ಇಬ್ಬರಿಬ್ಬರು ಪಕ್ಕಪಕ್ಕದಲ್ಲಿ ಕೂರುತ್ತಿದ್ದರು. ಪಕ್ಕದಲ್ಲಿ ಜೊತೆಗಾರರಿದ್ದರೆ ಒಂದು ಮಗ್ಗುಲಿಗೆ ಮರೆ ಸಿಗುತ್ತದೆ, ಇನ್ನೊಂದು ಮಗ್ಗುಲು ಅಂಚಿಗೆ ತೀರ ಹತ್ತಿರವಾಗುತ್ತದೆ.

ಎರಡನೆಯ ಬಗೆಯದು ಶೂಟ್ ದ ಚ್ಯೂಟ್ಸ್ ಎಂದು ಕರೆಯುವ ಅಗಲವಾದ ದೊಡ್ಡ ದೋಣಿ. ಇದು ಲಾಗ್ ಫ್ಲೂಮ್‌ಗಿಂತ ಬಹಳ ಹಳೆಯದು. ಇಲಿನಾಯ್ ರಾಜ್ಯದ ರಾಕ್ ಐಲೆಂಡಿನಲ್ಲಿ 1884ರಲ್ಲೇ ಚಪ್ಪಟೆ ತಳದ ದೋಣಿಗಳು ಗುಡ್ಡದಿಂದ ನದಿಗೆ ಜಾರುತ್ತಿದ್ದವು. ಈಗಿನವುಗಳಲ್ಲಿ ಎತ್ತರವೂ ಹೆಚ್ಚಿದೆ: 1996ರಲ್ಲಿ ಯೂನಿವರ್ಸಲ್ ಸ್ಟುಡಿಯೋಸ್ ಹಾಲಿವುಡ್‌ನಲ್ಲಿ ತೆರೆದ ಜುರಾಸಿಕ್ ಪಾರ್ಕ್ ರೈಡಿನ ಕೊನೆಯ ಇಳಿತವು 84 ಅಡಿಯದಾಗಿತ್ತು. ನಾನು ಹತ್ತಿದ್ದು ಅಷ್ಟು ದೊಡ್ಡದಲ್ಲ, ಸುಮಾರು 12 ಮೀಟರ್ ಇಳಿತದ್ದು. ಘರ್ಷಣೆಯನ್ನು ಬಿಟ್ಟು ಲೆಕ್ಕ ಹಾಕಿದರೆ ಅಷ್ಟು ಎತ್ತರದಿಂದ ಜಾರಿದ ದೋಣಿ ಬುಡದಲ್ಲಿ ಗಂಟೆಗೆ 55 ಕಿಲೋಮೀಟರ್‌ನಷ್ಟು ವೇಗದಲ್ಲಿರುತ್ತದೆ. ಇಪ್ಪತ್ತು ಜನರ ಭಾರ ಹೊತ್ತ ಅಗಲವಾದ ತಳ ಆ ವೇಗದಲ್ಲಿ ನೀರಿಗೆ ಇಳಿದಾಗ ಎರಡೂ ಕಡೆ ಏಳುವುದನ್ನು ಅಲೆ ಎನ್ನುವುದಕ್ಕಿಂತ ಗೋಡೆ ಎನ್ನುವುದೇ ಸರಿ.

ಐದು ಸಾಲು, ಸಾಲಿಗೆ ನಾಲ್ವರು. ಇಲ್ಲಿ ನನ್ನ ನಿರೀಕ್ಷೆ ತಲೆಕೆಳಗಾಯಿತು. ತುಂಬಿದ ದೋಣಿಯಲ್ಲಿ ಮೊದಲ ಸಾಲಿನ ಮಧ್ಯದಲ್ಲಿ ಕೂತಾಗ ಮೊಣಕಾಲಿನ ಕರವಸ್ತ್ರ ಮಾತ್ರ ನೆನೆಯಿತು, ಐದನೆಯ ಸಾಲಿನ ಅಂಚಿನಲ್ಲಿ ಕೂತಾಗ ನಾಲ್ಕೂ ನೆನೆದವು. ಎರಡೂ ಪಕ್ಕದ ಗೋಡೆಗಳು ಎದ್ದು ಮಗುಚಿಕೊಳ್ಳುವ ಹೊತ್ತಿಗೆ ಅವುಗಳ ಅಡಿಯಲ್ಲಿ ಸಾಗುತ್ತಿರುವುದು ಹಿಂದಿನ ಸಾಲುಗಳೇ. ಅಷ್ಟಕ್ಕೇ ಮುಗಿಯುವುದಿಲ್ಲ, ದೋಣಿಯ ವೇಗ ತಟ್ಟನೆ ಇಳಿದಾಗ, ಅದೇ ಎಬ್ಬಿಸಿದ ಅಲೆ ಹಿಂದಿನಿಂದ ಬಂದು ದೋಣಿಯನ್ನು ಹಿಡಿಯುತ್ತದೆ ಮತ್ತು ಹಿಂಬದಿಯ ಅಂಚನ್ನು ದಾಟಿ ಕೊನೆಯ ಸಾಲಿನವರ ಕುತ್ತಿಗೆಗೆ ಸುರಿಯುತ್ತದೆ. ಎಲ್ಲ ಮುಗಿಯಿತೆಂದು ಕೈಗಳನ್ನು ಸಡಿಲಬಿಟ್ಟು ನಗುತ್ತಿರುವ ಹೊತ್ತಿಗೇ ಅದು ಬರುವುದರಿಂದ, ಹೆದರುವ ಮಕ್ಕಳನ್ನು ನಾನು ಐದನೆಯ ಸಾಲಿನಲ್ಲಿ ಎಂದೂ ಕೂರಿಸುವುದಿಲ್ಲ.

ಮೂರನೆಯ ಸಾಲಿನ ಮಧ್ಯದ ಎರಡು ಸೀಟುಗಳೇ ಇಲ್ಲಿ ಅತ್ಯುತ್ತಮ. ಮುಂದೆ ಎರಡು ಸಾಲು ಜನ, ಪಕ್ಕದಲ್ಲಿ ಒಬ್ಬೊಬ್ಬರು, ಹಿಂದೆ ಇನ್ನೆರಡು ಸಾಲು. ಭುಜದ ಬಿಳಿ ಕರವಸ್ತ್ರದ ಮೇಲೆ ಬಿದ್ದಿದ್ದ ಹನಿಗಳನ್ನು ನಾನು ಎಣಿಸಬಹುದಾಗಿತ್ತು, ಎಣಿಸಿದೆ ಕೂಡ: ಹದಿನಾಲ್ಕು. ಅದೇ ಸಾಲಿನ ಅಂಚಿನ ಸೀಟಿನಲ್ಲಿ ಎಣಿಕೆಗೆ ಅವಕಾಶವೇ ಇರಲಿಲ್ಲ. ಕನ್ನಡಕ ಹಾಕಿಕೊಂಡವರಿಗೆ, ರೈಡ್ ಮುಗಿದ ಮೇಲೆ ಬಟ್ಟೆ ಬದಲಿಸಲು ಅನುಕೂಲವಿಲ್ಲದವರಿಗೆ ನಾನು ಒತ್ತಿ ಹೇಳುವುದು ಈ ಜಾಗವನ್ನೇ.

ಈ ತೀರ್ಮಾನವನ್ನು ಒಂದು ಸಂಜೆ ತಿದ್ದಿಕೊಳ್ಳಬೇಕಾಯಿತು. ಆ ಹೊತ್ತಿಗೆ ಜನ ಕಡಿಮೆಯಾಗಿ, ಎಂಟೇ ಮಂದಿಯನ್ನು ಮುಂದಿನ ಎರಡು ಸಾಲುಗಳಲ್ಲಿ ಕೂರಿಸಿ ದೋಣಿಯನ್ನು ಬಿಟ್ಟರು. ಭಾರವೆಲ್ಲ ಮೂತಿಯ ಕಡೆಗಿದ್ದುದರಿಂದ ಅದು ನೀರಿಗೆ ಆಳವಾಗಿ ನುಗ್ಗಿತು. ಪಕ್ಕಕ್ಕೆ ಹೋಗಬೇಕಿದ್ದ ನೀರು ಮುಂದಿನ ಅಂಚನ್ನು ದಾಟಿ ನೇರವಾಗಿ ನಮ್ಮ ಮಡಿಲಿಗೇ ಬಂತು. ಅಂದು ಮೊದಲ ಸಾಲಿನ ಮಧ್ಯದಲ್ಲಿದ್ದ ನನಗೆ ಒಣಗಿದ ಕರವಸ್ತ್ರ ಒಂದೂ ಉಳಿಯಲಿಲ್ಲ. ಅಂದಿನಿಂದ ಸಾಲನ್ನು ಆರಿಸುವ ಮುನ್ನ ದೋಣಿ ಎಷ್ಟು ತುಂಬುತ್ತಿದೆ, ಭಾರ ಎತ್ತ ವಾಲಿದೆ ಎಂಬುದನ್ನು ನೋಡುತ್ತೇನೆ. ಸಿಬ್ಬಂದಿ ಒಬ್ಬೊಬ್ಬರನ್ನು ಒಂದೊಂದು ಕಡೆ ಕೂರಲು ಹೇಳುವುದು ಈ ಭಾರದ ಸಮತೋಲಕ್ಕಾಗಿಯೂ ಇರುತ್ತದೆ. ಅವರ ಮಾತನ್ನು ಮೀರಿ ಸೀಟು ಬದಲಿಸುವುದು ಸರಿಯಲ್ಲ.

ಮೂರನೆಯದು ದುಂಡನೆಯ ತೆಪ್ಪ, ಅಂದರೆ ರಿವರ್ ರ‍್ಯಾಪಿಡ್ಸ್. ಹೂಸ್ಟನ್ನಿನ ಆಸ್ಟ್ರೋವರ್ಲ್ಡ್ ಪಾರ್ಕಿನಲ್ಲಿ 1980ರಲ್ಲಿ ಇಂಟಮಿನ್ ಸಂಸ್ಥೆ ಕಟ್ಟಿದ ಥಂಡರ್ ರಿವರ್ ಈ ಬಗೆಯ ಮೊದಲ ರೈಡ್. ಎಲ್ಲರೂ ನಡುವಿನ ಹಿಡಿಯತ್ತ ಮುಖ ಮಾಡಿ ವೃತ್ತಾಕಾರವಾಗಿ ಕೂರುತ್ತಾರೆ, ತೆಪ್ಪ ತನ್ನ ಪಾಡಿಗೆ ತಾನು ತಿರುಗುತ್ತ ಸಾಗುತ್ತದೆ. ಇಲ್ಲಿ ಮುಂದಿನದು ಹಿಂದಿನದು ಎಂಬುದೇ ಇಲ್ಲ. ಒಂದೇ ಸೀಟಿನಲ್ಲಿ ಬೆನ್ನುಬೆನ್ನಿಗೆ ಮೂರು ಸುತ್ತು ಹೋದೆ: ಮೊದಲ ಸುತ್ತಿನಲ್ಲಿ ಪಾದ ಮಾತ್ರ ನೆನೆಯಿತು, ಎರಡನೆಯದರಲ್ಲಿ ತಲೆಯಿಂದ ಕಾಲಿನವರೆಗೆ ನೀರಿಳಿಯಿತು, ಮೂರನೆಯದರಲ್ಲಿ ನಾನು ಒಣಗಿಯೇ ಇಳಿದೆ ಮತ್ತು ನನ್ನ ಎದುರು ಕೂತಿದ್ದವರು ಜಲಪಾತಕ್ಕೆ ಸಿಕ್ಕಿ ತೊಯ್ದುಹೋದರು.

ಆದರೂ ಎಲ್ಲವನ್ನೂ ಅದೃಷ್ಟಕ್ಕೆ ಬಿಡಬೇಕಾಗಿಲ್ಲ. ಹತ್ತಿ ಇಳಿಯಲು ಬಿಟ್ಟಿರುವ ದಾರಿಯೇ ತೆಪ್ಪದ ಅಂಚಿನಲ್ಲಿ ಅತ್ಯಂತ ತಗ್ಗಾದ ಜಾಗ. ತಿರುವಿನಲ್ಲಿ ಅಲೆ ಒಳಗೆ ನುಗ್ಗುವುದು ಮೊದಲು ಅಲ್ಲಿಂದಲೇ, ಆದ್ದರಿಂದ ಅದರ ಅಕ್ಕಪಕ್ಕದ ಸೀಟಿನವರ ಕಾಲು ಒಣಗಿ ಉಳಿದದ್ದನ್ನು ನಾನು ಒಮ್ಮೆಯೂ ಕಾಣಲಿಲ್ಲ. ಭಾರವಾದವರು ಒಂದೇ ಕಡೆ ಸೇರಿದರೆ ಆ ಮಗ್ಗುಲು ನೀರಿಗೆ ಹತ್ತಿರವಾಗುತ್ತದೆ. ಇವೆರಡನ್ನೂ ಸೇರಿಸಿ ನೋಡಿದಾಗ, ದಾರಿಯಿಂದ ದೂರವಾಗಿ, ಹಗುರವಾದವರ ಪಕ್ಕದಲ್ಲಿ ಕೂರುವುದು ಲಾಭಕರ. ಜಲಪಾತದ ಅಡಿಯಲ್ಲಿ ಯಾರ ಬೆನ್ನು ಬರುತ್ತದೆ ಎಂಬುದು ಮಾತ್ರ ಹಿಂದಿನ ತಿರುವಿನ ಗೋಡೆಗೆ ತೆಪ್ಪ ಹೇಗೆ ತಾಗಿತು ಎಂಬುದರ ಮೇಲೆ ನಿಂತಿದೆ, ಅದನ್ನು ಮುಂಚಿತವಾಗಿ ಹೇಳುವ ದಾರಿ ನನಗೆ ಸಿಗಲಿಲ್ಲ.

ಹೊಸ ಪಾರ್ಕಿಗೆ ಹೋದಾಗ ಸರದಿ ಸೇರುವ ಮುನ್ನ ನಾನೀಗ ಇಳಿಯುವ ಕಟ್ಟೆಯ ಬಳಿ ಐದು ನಿಮಿಷ ನಿಲ್ಲುತ್ತೇನೆ. ದೋಣಿಯಿಂದ ಇಳಿಯುವವರ ಬಟ್ಟೆಯ ಬಣ್ಣ ಎಲ್ಲಿ ಕಪ್ಪಾಗಿದೆ, ಭುಜದಲ್ಲೋ ಮಡಿಲಲ್ಲೋ ಮೊಣಕಾಲಿನ ಕೆಳಗೋ, ಮತ್ತು ಅವರು ಎಷ್ಟನೆಯ ಸಾಲಿನಿಂದ ಎದ್ದರು ಎಂಬುದನ್ನು ನಾಲ್ಕೈದು ದೋಣಿಗಳವರೆಗೆ ನೋಡಿದರೆ ಆ ರೈಡಿನ ನೀರು ಎತ್ತ ಹೋಗುತ್ತದೆಂಬುದು ಸ್ಪಷ್ಟವಾಗುತ್ತದೆ. ಖಾಲಿಯಾದ ದೋಣಿಯ ತಳದಲ್ಲಿ ನಿಂತಿರುವ ನೀರು ಕಣ್ಣಿಗೆ ಬಿದ್ದರೆ ಕಾಲುಚೀಲವನ್ನು ಅಲ್ಲಿಯೇ ಬಿಚ್ಚಿ ಚೀಲಕ್ಕೆ ಹಾಕಿಕೊಳ್ಳುತ್ತೇನೆ.