ಮನೆಯಲ್ಲಿ ಹಾಡು ರೆಕಾರ್ಡಿಂಗ್: ಗಿಟಾರ್ ಪೆಡಲ್ ಮೊದಲೋ, ಆಮೇಲೋ?

ಗಿಟಾರ್ ನುಡಿಸುವವರ ಮನೆಯಲ್ಲಿ ಪೆಡಲ್‌ಗಳು, ಅಂದರೆ ಕಾಲಲ್ಲಿ ಒತ್ತಿ ನಾದವನ್ನು ಬದಲಿಸುವ ಪುಟ್ಟ ಪೆಟ್ಟಿಗೆಗಳು, ಇದ್ದೇ ಇರುತ್ತವೆ: ರಿವರ್ಬ್ (ದೊಡ್ಡ ಹಾಲ್‌ನಲ್ಲಿ ಹಾಡಿದಂಥ ಗುಂಗು), ಡಿಲೇ (ಪ್ರತಿಧ್ವನಿ), ಕಂಪ್ರೆಸರ್ (ಗಟ್ಟಿ ಸದ್ದಿಗೂ ಮೆಲ್ಲನೆಯದಕ್ಕೂ ಇರುವ ಅಂತರ ಕಡಿಮೆ ಮಾಡುವುದು). ದನಿಗೂ ಅವನ್ನೇ ಬಳಸಿದರೆ ಹೇಗೆ ಅಂತ ಮೂರು ದಾರಿಗಳನ್ನು ನೋಡಿದೆ. ಒಂದು, ಮೈಕನ್ನು ನೇರವಾಗಿ ಪೆಡಲ್‌ಗೆ ಹಾಕಿ ಅಲ್ಲಿಂದ ಆಡಿಯೋ ಇಂಟರ್‌ಫೇಸ್‌ಗೆ (ಸದ್ದನ್ನು ಕಂಪ್ಯೂಟರ್‌ಗೆ ಮುಟ್ಟಿಸುವ ಪೆಟ್ಟಿಗೆ) ಕೊಡುವುದು. ಎರಡು, ಹಾಡುವವರಿಗೆಂದೇ ಮಾಡಿದ ವೋಕಲ್ ಪೆಡಲ್. ಮೂರು, ಯಾವ ಎಫೆಕ್ಟೂ ಇಲ್ಲದೆ ದನಿಯನ್ನು ರೆಕಾರ್ಡ್ ಮಾಡಿಟ್ಟು, ಆಮೇಲೆ ಆ ಟ್ರ್ಯಾಕನ್ನು ಪೆಡಲ್ ಮೂಲಕ ಕಳಿಸಿ ವಾಪಸ್ ತರುವುದು. ನನ್ನ ಓಟು ಮೂರನೆಯದಕ್ಕೆ. ಭಾವಗೀತೆ ಹಾಡುವವರು ಬೇರೆ ಏನನ್ನೂ ಯೋಚಿಸಬೇಕಿಲ್ಲ ಅಂತಲೇ ಹೇಳುತ್ತೇನೆ.

ಮೊದಲನೆಯ ದಾರಿಯಲ್ಲಿ ಎದುರಾಗುವುದು ಲೆವೆಲ್ ಸಮಸ್ಯೆ, ಅಂದರೆ ಸಿಗ್ನಲ್‌ನ ಬಲ ಸಾಲದಿರುವುದು. ಎಸ್‌ಎಂ58 ತರಹದ ಡೈನಮಿಕ್ ಮೈಕ್ ಮುಂದೆ ಗಟ್ಟಿಯಾಗಿ ಹಾಡಿದರೂ ಹೊರಗೆ ಬರುವುದು ಹೆಚ್ಚೆಂದರೆ ಹತ್ತಾರು ಮಿಲಿವೋಲ್ಟ್. ಗಿಟಾರ್ ಪಿಕಪ್ ನೂರಾರು ಮಿಲಿವೋಲ್ಟ್ ಕೊಡುತ್ತದೆ, ಪೆಡಲ್ ಕಾಯುವುದೂ ಅಷ್ಟಕ್ಕೇ. ಮಧ್ಯೆ ಇಂಪೀಡೆನ್ಸ್ ಟ್ರಾನ್ಸ್‌ಫಾರ್ಮರ್ (ಮೈಕ್ ಸಿಗ್ನಲನ್ನು ಪೆಡಲ್‌ಗೆ ಹೊಂದಿಸುವ ಚಿಕ್ಕ ಅಡಾಪ್ಟರ್) ಹಾಕಿದರೆ ಸುಮಾರು 20 ಡೆಸಿಬಲ್ ಏರುತ್ತದೆ. ಮೆಲ್ಲಗೆ ಹಾಡುವ ದನಿಗೆ ಅದೂ ಸಾಲದು.

ಅದನ್ನಾದರೂ ಸಹಿಸಬಹುದು. ನನ್ನನ್ನು ನಿಜಕ್ಕೂ ಕಾಡಿದ್ದು ಹಮ್, ಅಂದರೆ ಆ ಗುಂಯ್ ಸದ್ದು. ಪೆಡಲ್‌ನಿಂದ ಇಂಟರ್‌ಫೇಸ್‌ಗೆ ಹೋಗುವ ಗಿಟಾರ್ ಕೇಬಲ್ ಬ್ಯಾಲೆನ್ಸ್ಡ್ ಅಲ್ಲ, ಅಂದರೆ ಹೊರಗಿನ ಗದ್ದಲವನ್ನು ತಾನೇ ಅಳಿಸಿಹಾಕುವ ಜೋಡಿ ತಂತಿ ಅದರಲ್ಲಿಲ್ಲ. ಪೆಡಲ್ ಅಡಾಪ್ಟರ್ ಒಂದು ಪ್ಲಗ್‌ನಲ್ಲಿ, ಲ್ಯಾಪ್‌ಟಾಪ್ ಚಾರ್ಜರ್ ಇನ್ನೊಂದು ಪ್ಲಗ್‌ನಲ್ಲಿ ಇದ್ದರೆ ಅರ್ತಿಂಗ್ ಸುತ್ತು ಹಾಕಿಕೊಂಡು 50 ಹರ್ಟ್ಜ್ ಕರೆಂಟಿನ ಸದ್ದು ಒಳಗೆ ಬರಬಹುದು. ಜೊತೆಗೆ ಅದರ ಮರಿಗಳು: 100, 150, 200. ಗಿಟಾರ್ ನುಡಿಸುವಾಗ ಇದು ಗೊತ್ತೇ ಆಗುವುದಿಲ್ಲ, ತಂತಿಯ ನಾದ ಮುಚ್ಚಿಬಿಡುತ್ತದೆ. ಹಾಡಿನಲ್ಲಿ ಹಾಗಲ್ಲ. ಪಲ್ಲವಿ ಮುಗಿಸಿ ಉಸಿರು ತೆಗೆದುಕೊಳ್ಳುವ ಜಾಗದಲ್ಲಿ ಅದೊಂದೇ ಕೇಳುತ್ತದೆ. ಕಂಪ್ರೆಸರ್ ಪೆಡಲ್ ಇದ್ದರಂತೂ ದನಿ ನಿಂತ ಕೂಡಲೇ ಹಮ್ ಮೇಲೇಳುತ್ತದೆ.

ಆಮೇಲೆ ಕಂಪ್ಯೂಟರ್‌ನಲ್ಲಿ ತೆಗೆದುಬಿಡೋಣ ಅಂದರೆ ಅದೂ ಕಷ್ಟ. 50 ಅನ್ನು ಕತ್ತರಿಸಬಹುದು. ಆದರೆ 100, 150ರ ಸುತ್ತಮುತ್ತಲೇ ಗಂಡು ದನಿಯ ಬೇರು, ಅಂದರೆ ಮೂಲ ಕಂಪನ, ಇದೆ. ಅಲ್ಲಿ ಕೈ ಹಾಕಿದರೆ ದನಿ ತೆಳ್ಳಗಾಗುತ್ತದೆ. ಸದ್ದು ಮೆಲ್ಲಗಾದ ಕೂಡಲೇ ಬಾಗಿಲು ಮುಚ್ಚುವ ನಾಯ್ಸ್ ಗೇಟ್ ಹಾಕಿದರೆ ಸಾಲಿನ ಕೊನೆಯ ಅಕ್ಷರವೇ ನುಂಗಿಹೋಗುತ್ತದೆ. ಭಾವಗೀತೆಯಲ್ಲಿ ಕೊನೆಯ ಸ್ವರ ಕರಗುವ ಜಾಗ ಹೋದರೆ ಇನ್ನೇನು ಉಳಿಯಿತು?

ಲ್ಯಾಪ್‌ಟಾಪ್ ಚಾರ್ಜರ್ ಕಿತ್ತು ಬ್ಯಾಟರಿಯಲ್ಲಿ ಓಡಿಸಿ ನೋಡಿ. ಹಮ್ ಇಳಿದರೆ ಕಾರಣ ಬಹುಶಃ ಅರ್ತಿಂಗ್ ಸುತ್ತೇ. ಎಲ್ಲವನ್ನೂ ಒಂದೇ ಎಕ್ಸ್‌ಟೆನ್ಷನ್ ಬೋರ್ಡಿಗೆ ಹಾಕುವುದು, ಪ್ರತಿ ಪೆಡಲ್‌ಗೂ ಬೇರೆ ಬೇರೆ ಲೈನ್ ಕೊಡುವ ಐಸೊಲೇಟೆಡ್ ಪವರ್ ಸಪ್ಲೈ, ಗ್ರೌಂಡ್ ಲಿಫ್ಟ್ (ಕೇಬಲ್‌ನ ಗ್ರೌಂಡ್ ಸಂಪರ್ಕ ಬಿಡಿಸುವ ಸ್ವಿಚ್) ಇರುವ ಡಿಐ ಬಾಕ್ಸ್ (ಗಿಟಾರ್ ಸಿಗ್ನಲನ್ನು ಮೈಕ್ ಮಟ್ಟದ ಬ್ಯಾಲೆನ್ಸ್ಡ್ ಸಿಗ್ನಲ್ ಮಾಡುವ ಪೆಟ್ಟಿಗೆ), ಇವು ಸಹಾಯ ಮಾಡುತ್ತವೆ. ಆದರೆ ಪ್ಲಗ್‌ನ ಅರ್ತ್ ಪಿನ್ನನ್ನು ಮಾತ್ರ ಯಾವತ್ತೂ ತೆಗೆಯಬೇಡಿ. ತುಟಿಗೆ ತಾಗುವ ಮೈಕ್‌ನಲ್ಲಿ ಶಾಕ್ ಹೊಡೆಯಬಹುದು.

ವೋಕಲ್ ಪೆಡಲ್‌ನಲ್ಲಿ ಈ ತಲೆನೋವು ಕಡಿಮೆ. ಬಾಸ್, ಟಿಸಿ ಹೆಲಿಕಾನ್, ಜೂಮ್ ಇಂಥವನ್ನು ಮಾಡುತ್ತವೆ. ಎಕ್ಸ್‌ಎಲ್‌ಆರ್ (ಮೂರು ಪಿನ್ನಿನ ಕನೆಕ್ಟರ್) ಮೈಕ್ ನೇರ ಸಿಕ್ಕಿಸಬಹುದು. ವೇದಿಕೆಯಲ್ಲಿ ಹಾಡುವವರಿಗೆ ಇದೇ ಸರಿ. ಸ್ನೇಹಿತರೊಬ್ಬರದ್ದನ್ನು ತಂದು ಹಾಡಿ ನೋಡಿದೆ, ದನಿ ಚೆನ್ನಾಗಿಯೇ ಬಂತು. ಆದರೆ ಎಫೆಕ್ಟ್ ಸಮೇತ ರೆಕಾರ್ಡ್ ಆದರೆ ರಿವರ್ಬ್ ಜಾಸ್ತಿ ಆಯಿತು ಅಂತ ಮರುದಿನ ಅನ್ನಿಸಿದಾಗ ಮತ್ತೆ ಹಾಡಬೇಕು, ಅಲ್ವಾ? ಮನೆಯಲ್ಲಿ ಮಾತ್ರ ಹಾಡುವ ನನಗೆ ಅಷ್ಟು ದುಡ್ಡು ಹಾಕಲು ಮನಸ್ಸಾಗಲಿಲ್ಲ.

ಈಗ ನನ್ನ ದಾರಿ. ಮೈಕ್ ನೇರ ಇಂಟರ್‌ಫೇಸ್‌ಗೆ. ಫ್ಯಾನ್ ಆಫ್ ಮಾಡಿ, ಶ್ರುತಿಯನ್ನು ಹೆಡ್‌ಫೋನ್‌ನಲ್ಲಿ ಕೇಳುತ್ತಾ ಹಾಡುತ್ತೇನೆ. ದನಿ ಶುದ್ಧವಾಗಿ ಸಿಕ್ಕಿದ ಮೇಲೆ ಇಂಟರ್‌ಫೇಸ್‌ನ ಒಂದು ಔಟ್‌ಪುಟ್‌ನಿಂದ ರೀಆಂಪ್ ಬಾಕ್ಸ್ ಮೂಲಕ ರಿವರ್ಬ್ ಪೆಡಲ್‌ಗೆ, ಅಲ್ಲಿಂದ ಹೊಸ ಟ್ರ್ಯಾಕ್‌ಗೆ. ಲೈನ್ ಲೆವೆಲನ್ನು ಗಿಟಾರ್ ಮಟ್ಟಕ್ಕೆ ಇಳಿಸುವುದೇ ಆ ಬಾಕ್ಸ್ ಕೆಲಸ. ಟ್ರಾನ್ಸ್‌ಫಾರ್ಮರ್ ಇರುವ ಪ್ಯಾಸಿವ್ ಡಿಐ ಬಾಕ್ಸನ್ನು ತಿರುಗಿಸಿ ಹಾಕಿದರೂ ನಡೆಯುತ್ತದೆ, ಆ ಟ್ರ್ಯಾಕ್‌ನ ಫೇಡರ್ (ಸದ್ದಿನ ಮಟ್ಟ ಏರಿಸಿ ಇಳಿಸುವ ಪಟ್ಟಿ) ಮಾತ್ರ ಚೆನ್ನಾಗಿ ಇಳಿಸಿರಬೇಕು. ಹೊಸ ಟ್ರ್ಯಾಕ್ ಮತ್ತೆ ಅದೇ ಔಟ್‌ಪುಟ್‌ಗೆ ಹೋಗದಂತೆ ನೋಡಿಕೊಳ್ಳಿ, ಇಲ್ಲದಿದ್ದರೆ ಕೂಗು ಏಳುತ್ತದೆ. ಪೆಡಲ್‌ನ ಮಿಕ್ಸ್ ನಾಬ್ ಪೂರ್ತಿ ತಿರುಗಿಸಿ, ಮೂಲ ದನಿ ಬೇಡ, ಬರೀ ರಿವರ್ಬ್ ಸಾಕು.

ಹಮ್ ಇಲ್ಲೂ ಬರುತ್ತದೆ. ಆದರೆ ಬರುವುದು ರಿವರ್ಬ್ ಟ್ರ್ಯಾಕ್‌ನಲ್ಲಿ ಮಾತ್ರ. ಅದರಲ್ಲಿ 250 ಹರ್ಟ್ಜ್‌ನಿಂದ ಕೆಳಗಿನದನ್ನು ಕತ್ತರಿಸಿದರೆ ಹಮ್‌ನ ಬಹುಪಾಲು ಹೋಗುತ್ತದೆ, ಮೂಲ ದನಿಗೆ ಏನೂ ಆಗುವುದಿಲ್ಲ. ರಿವರ್ಬ್ ಕೂಡ ಗಲೀಜಾಗದೆ ತಿಳಿಯಾಗಿ ಕೇಳುತ್ತದೆ. ಸ, ಶ ಅಕ್ಷರಗಳು ಚಿಮ್ಮಿದರೆ ಮೇಲಿನ ತುದಿಯನ್ನೂ ಸ್ವಲ್ಪ ಇಳಿಸುತ್ತೇನೆ. ಕಂಪ್ಯೂಟರ್ ಸುತ್ತಿ ಬರುವ ಕೆಲವು ಮಿಲಿಸೆಕೆಂಡ್ ತಡವೂ ರಿವರ್ಬ್‌ಗೆ ತೊಂದರೆಯಲ್ಲ.

ಕಂಪ್ರೆಸರ್ ಪೆಡಲ್‌ಗೆ ಮಾತ್ರ ಇದು ಆಗದು. ತಡವಾಗಿ ಬಂದ ಅದೇ ದನಿ ಮೂಲದ ಜೊತೆ ಸೇರಿದರೆ ಟೊಳ್ಳಾಗಿ ಕೇಳುತ್ತದೆ. ಕಂಪ್ರೆಷನ್‌ಗೆ ರೀಪರ್ ಎಂಬ ರೆಕಾರ್ಡಿಂಗ್ ಸಾಫ್ಟ್‌ವೇರ್‌ನಲ್ಲಿರುವ ರಿಯಾಕಾಂಪ್ ಸಾಕು. ವೋಕಲ್ ಪೆಡಲ್‌ಗೆ ಹಾಕಬೇಕಿದ್ದ ದುಡ್ಡಿನಲ್ಲಿ ಪಾಪ್ ಫಿಲ್ಟರ್, ಗಟ್ಟಿ ಮೈಕ್ ಸ್ಟ್ಯಾಂಡ್, ಕಿಟಕಿಗೆ ದಪ್ಪ ಪರದೆ ತಂದೆ.