ಹಳೇ ಲಿಫ್ಟರ್‌ಗೆ ಕೋಚ್ ಬೇಕಾ? ಜಿಮ್ ಟ್ರೈನರ್, ಆನ್‌ಲೈನ್ ಕೋಚ್, ದೋಸ್ತ: ಮೂರೂ ನೋಡಿದ್ದಾಯಿತು

ಹೊಸದಾಗಿ ಜಿಮ್ ಸೇರಿದವರು ಇದನ್ನು ಓದಬೇಕಿಲ್ಲ. ಅವರಿಗೆ ಟ್ರೈನರ್ ಬೇಕೇ ಬೇಕು, ಅದರಲ್ಲಿ ಚರ್ಚೆ ಏನಿಲ್ಲ. ನಾನು ಹೇಳುತ್ತಿರುವುದು ವರ್ಷಗಟ್ಟಲೆ ಸ್ಕ್ವಾಟ್ (ಹೆಗಲ ಮೇಲೆ ಭಾರ ಹೊತ್ತು ಕೂತೇಳುವುದು), ನೆಲದಿಂದ ಬಾರ್ ಎತ್ತುವ ಡೆಡ್‌ಲಿಫ್ಟ್ ಮಾಡಿಕೊಂಡು ಬಂದು ಈಗ ಒಂದೇ ತೂಕದಲ್ಲಿ ನಿಂತುಬಿಟ್ಟವರಿಗೆ. ಶುರುವಿನಲ್ಲಿ ವಾರವಾರ ಎರಡೂವರೆ ಕೆಜಿ ಏರುತ್ತದೆ. ಆಮೇಲೆ ಅದೇ ಎರಡೂವರೆ ಕೆಜಿಗೆ ತಿಂಗಳುಗಟ್ಟಲೆ ಒದ್ದಾಡಬೇಕು.

ಮೊದಲು ಜಿಮ್ ಟ್ರೈನರ್. ಬಳ್ಳಾರಿಯಲ್ಲಿ ನಾನು ಹೋಗುವ ಕಡೆ ತಿಂಗಳಿಗೆ 6 ಸಾವಿರ, ಜಿಮ್ ಫೀಸು ಬೇರೆ. ಅಷ್ಟು ಕೊಟ್ಟರೆ ಹೆಚ್ಚಿನ ದಿನ ಸಿಗುವುದು ಪಕ್ಕದಲ್ಲಿ ನಿಂತು "ಇನ್ನೊಂದು ಸರ್, ಇನ್ನೊಂದು" ಅನ್ನುವ ಮಾತು. ಎಣಿಸೋಕೆ ನನಗೂ ಬರುತ್ತದೆ ಅಲ್ವಾ? ಡಯಟ್ ಚಾರ್ಟ್ ಅಂತೂ ಓಟ್ಸು, ಬ್ರೊಕೊಲಿ. ಜೋಳದ ರೊಟ್ಟಿ, ಕಾಳು ಪಲ್ಯ, ಮೊಟ್ಟೆ ಇಟ್ಟುಕೊಂಡು ಲೆಕ್ಕ ಹಾಕಿಕೊಡಿ ಅಂದರೆ ಸುಮ್ನೆ ನಕ್ಕರು. ದಿನಕ್ಕೆ ಮೈತೂಕದ ಕೆಜಿಗೆ ಸುಮಾರು 1.6 ಗ್ರಾಂ ಪ್ರೋಟೀನ್ ಸೇರಿದರೆ ಸಾಕು, ಅದು ಬ್ರೊಕೊಲಿಯಿಂದ ಬರುವ ಮಾತಲ್ಲ.

ಆದರೆ ಒಂದು ಕೆಲಸ ಅವರೇ ಮಾಡಿದ್ದು. ಡೆಡ್‌ಲಿಫ್ಟ್‌ನಲ್ಲಿ ಬಾರ್ ನೆಲ ಬಿಡುವ ಮೊದಲೇ ನನ್ನ ಸೊಂಟ ಮೇಲೇಳುತ್ತಿತ್ತು. ಅವರು ಕಂಕುಳ ಕೆಳಗೆ ಎರಡು ಬೆರಳು ಒತ್ತಿ, "ಇಲ್ಲಿ ಬಿಗಿ ಮಾಡಿ, ಬಾರ್ ಎಳೀಬೇಡಿ, ಕಾಲಿಂದ ನೆಲ ಒತ್ತಿ" ಅಂದರು. ಅದೇ ತೂಕ ಮೊಣಕಾಲಿನ ತನಕ ಕಾಲಿಗೆ ಉಜ್ಜಿಕೊಂಡೇ ಬಂತು. ಯಾವ ವಿಡಿಯೋ ನೋಡಿದರೂ ಆ ಬೆರಳಿನ ಕೆಲಸ ಆಗುವುದಿಲ್ಲ.

ಆನ್‌ಲೈನ್ ಕೋಚ್ ಇದರ ಅರ್ಧ ದುಡ್ಡಿಗೆ ಸಿಕ್ಕರು, ಬೆಂಗಳೂರಿನವರು. ವಾರಕ್ಕೊಂದು ವರ್ಕೌಟ್ ಶೀಟ್ ಬರುತ್ತದೆ, ನಾನು ಪಕ್ಕದಿಂದ ತೆಗೆದ ವಿಡಿಯೋ ಕಳಿಸಬೇಕು, ಪ್ರತಿ ಸೆಟ್‌ಗೂ ಎಷ್ಟು ಕಷ್ಟ ಆಯಿತು ಅಂತ ನಂಬರ್ ಬರೆಯಬೇಕು. 10 ಅಂದರೆ ಇನ್ನೊಂದು ರೆಪ್ (ಒಂದು ಸಲ ಎತ್ತಿ ಇಳಿಸುವುದು) ಕೂಡ ಆಗದು, 8 ಅಂದರೆ ಇನ್ನೂ ಎರಡು ಉಳಿದಿವೆ. ನಾನು ಜೋಶ್‌ನಲ್ಲಿ ತೂಕ ಏರಿಸುವ ವಾರವೇ ಅವರು ಇಳಿಸಿಬಿಡುತ್ತಾರೆ. ಹಳಬರಿಗೆ ಇದೇ ಬೇಕಿರುವುದು ಅನ್ನಿಸುತ್ತದೆ ನನಗೆ, ಯಾಕಂದ್ರೆ ಹುರುಪು ತುಂಬುವವರ ಕೊರತೆ ನಮಗಿಲ್ಲ, ತಡೆಯುವವರೇ ಇಲ್ಲ. ತೊಂದರೆ ಏನಂದ್ರೆ, ಬಳ್ಳಾರಿಯ ಮೇ ತಿಂಗಳು ಅವರಿಗೆ ಗೊತ್ತಿಲ್ಲ. ತಗಡಿನ ಶೀಟಿನ ಕೆಳಗೆ, 40 ಡಿಗ್ರಿ ದಾಟಿದ ದಿನದ ಸಂಜೆ, ಹಿಡಿತ ಜಾರದಿರಲಿ ಅಂತ ಕೈಗೆ ಹಚ್ಚಿದ ಚಾಕ್ ಪುಡಿ, ಬಾರ್ ಹಿಡಿಯುವಷ್ಟರಲ್ಲಿ ಕೆಸರಾಗಿರುತ್ತದೆ. ಅವರು "ಹಿಡಿತ ವೀಕ್ ಆಗಿದೆ" ಅಂತ ಬರೆದರು! ಇನ್ನು ಉತ್ತರ ಬರುವುದು ಮರುದಿನ, ಅಷ್ಟೊತ್ತಿಗೆ ಸೆಟ್ ಮುಗಿದುಹೋಗಿರುತ್ತದೆ.

ದೋಸ್ತ ಫ್ರೀ. ಮಲಗಿ ಬಾರ್ ಎತ್ತುವ ಬೆಂಚ್ ಪ್ರೆಸ್‌ಗೆ ಹಿಂದೆ ನಿಲ್ಲಲು ಅವನಿಗಿಂತ ನಂಬಿಕಸ್ಥ ಇನ್ನೊಬ್ಬನಿಲ್ಲ. ಆದರೆ ನಾನು ಏನೇ ಎತ್ತಿದರೂ "ಸೂಪರ್ ಲೇ" ಅನ್ನುತ್ತಾನೆ. ಅಷ್ಟೇ ಅವನ ಕೋಚಿಂಗ್.

"ಇಷ್ಟು ವರ್ಷ ಮಾಡಿದವನಿಗೆ ಕೋಚ್ ಯಾಕೆ" ಅನ್ನುವವರು ನೀರಜ್ ಚೋಪ್ರಾ ಅವರನ್ನು ನೋಡಲಿ. ನಮ್ಮ ತೋರಣಗಲ್ಲು ಪಕ್ಕದ ವಿಜಯನಗರದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್‌ನಲ್ಲೂ ಅಭ್ಯಾಸ ಮಾಡಿದವರು. ಟೋಕಿಯೊ ಒಲಿಂಪಿಕ್ಸ್‌ನಲ್ಲಿ ಜಾವೆಲಿನ್ 87.58 ಮೀಟರ್ ಎಸೆದು ಚಿನ್ನ ಗೆದ್ದಾಗ ಜೊತೆಗಿದ್ದದ್ದು ಬಯೋಮೆಕಾನಿಕ್ಸ್ (ದೇಹದ ಚಲನೆಯ ವಿಜ್ಞಾನ) ಬಲ್ಲ ಜರ್ಮನ್ ಕೋಚ್ ಕ್ಲಾಸ್ ಬಾರ್ಟೊನಿಟ್ಜ್. ಅಷ್ಟೆಲ್ಲ ಗೆದ್ದ ಮೇಲೂ 2024ರಲ್ಲಿ, 98.48 ಮೀಟರ್ ವಿಶ್ವದಾಖಲೆಯ ಯಾನ್ ಜೆಲೆಜ್ನಿ ಅವರನ್ನು ಕೋಚ್ ಮಾಡಿಕೊಂಡರು. ಅಂಥವರ ಹತ್ತಿರ ಹೋಗುವುದು ರೆಪ್ ಎಣಿಸಿಕೊಳ್ಳೋಕಲ್ಲ.

ನನ್ನ ಆಯ್ಕೆ ಆನ್‌ಲೈನ್ ಕೋಚ್, ಮೇ ತಿಂಗಳ ಸಿಟ್ಟು ಇದ್ದರೂ. ಈಗ ಶೀಟ್‌ನಲ್ಲೇ ಆ ದಿನದ ಬಿಸಿಲು ಬರೆದು ಕಳಿಸುತ್ತೇನೆ, ಭಾರದ ಸೆಟ್‌ಗಳನ್ನು ಅವರು ಬೆಳಗಿನ ಆರು ಗಂಟೆಗೆ ಹಾಕಿಕೊಟ್ಟಿದ್ದಾರೆ. ಸ್ಕ್ವಾಟ್ ಅಥವಾ ಡೆಡ್‌ಲಿಫ್ಟ್ ದಾರಿ ತಪ್ಪಿದೆ ಅನ್ನಿಸಿದಾಗ ಮಾತ್ರ ಜಿಮ್ ಟ್ರೈನರ್. ತಿಂಗಳ ಪ್ಯಾಕೇಜ್ ತಗೋಬೇಡಿ, ಒಂದೊಂದು ಸೆಷನ್ ಲೆಕ್ಕದಲ್ಲಿ ಕೇಳಿ. ಮೊದಲು ಮುಖ ಸಿಂಡರಿಸುತ್ತಾರೆ. ಬೆಳಿಗ್ಗೆ ಹನ್ನೊಂದರ ಮೇಲೆ ಜಿಮ್ ಖಾಲಿ ಹೊಡೆಯುವ ಹೊತ್ತಿಗೆ ಹೋಗಿ ಕೇಳಿದರೆ ಒಪ್ಪುತ್ತಾರೆ.