ರಿಪೇರಿಯಾ, ರಿನೊವೇಶನ್ನಾ? ಕ್ವಟೇಶನ್ ಬರೆಯುವವರಿಗೆ ಒಂದು ಡಿಕ್ಷನರಿ

ಮುಂಬಯಿಯ ದಾದರ್‌ನಲ್ಲಿ ಹಳೆ ಕಟ್ಟಡಗಳನ್ನು ಪರೀಕ್ಷೆ ಮಾಡುವ ಒಂದು ಆಫೀಸಿನಲ್ಲಿ ನನ್ನ ಕೆಲಸ. ರಿಪೋರ್ಟು, ಕ್ವಟೇಶನ್ನು (ಕೆಲಸ ಏನು, ದರ ಎಷ್ಟು ಅಂತ ಬರೆದು ಕೊಡುವುದು), ಹೌಸಿಂಗ್ ಸೊಸೈಟಿಗಳಿಗೆ, ಅಂದರೆ ಕಟ್ಟಡದ ಮನೆಯವರ ಸಂಘಗಳಿಗೆ, ಹೋಗುವ ಪತ್ರ, ಎಲ್ಲಾ ಇಂಗ್ಲಿಷಿನಲ್ಲೇ ಬರೆಯಬೇಕು. ನಾನು ಓದಿದ್ದು ಕನ್ನಡ ರಾತ್ರಿ ಶಾಲೆಯಲ್ಲಿ, ಹಗಲು ಹೋಟೆಲಿನಲ್ಲಿ ದುಡಿಯುತ್ತಾ. ಹಾಗಾಗಿ ಮೇಜಿನ ಮೇಲೆ ಡಿಕ್ಷನರಿ ಇರಲೇಬೇಕು. ಈಗ ಇರುವುದು ಆಕ್ಸ್‌ಫರ್ಡ್ ಅಡ್ವಾನ್ಸ್‌ಡ್ ಲರ್ನರ್ಸ್ ಡಿಕ್ಷನರಿ, 2010ರ 8ನೇ ಆವೃತ್ತಿ. ಮಾಟುಂಗಾದ ಕಿಂಗ್ಸ್ ಸರ್ಕಲ್ ಫುಟ್‌ಪಾತಿನಲ್ಲಿ ಸೆಕೆಂಡ್ ಹ್ಯಾಂಡ್ ತಗೊಂಡದ್ದು. ಹಳೆಯದನ್ನು ಸರಿಮಾಡುವುದಕ್ಕೆ ಇಂಗ್ಲಿಷಿನಲ್ಲಿ ಎಷ್ಟು ಕ್ರಿಯಾಪದ ಇವೆ, ಯಾವುದು ಎಲ್ಲಿ ಹೊಂದುತ್ತದೆ ಅನ್ನುವುದನ್ನು ಇದು ಬಿಡಿಸಿ ಹೇಳುತ್ತದೆ. ನಮ್ಮ ಕಸುಬಿನವರಿಗೆ ಇದು ಬೇಕೇ ಬೇಕು ಅನ್ನುತ್ತೇನೆ.

ಯಾಕೆ ಅಂದರೆ, ಇಲ್ಲಿ ಒಂದು ಪದದ ಮೇಲೆ ಲಕ್ಷಗಟ್ಟಲೆ ದುಡ್ಡು ನಿಂತಿರುತ್ತದೆ. ಮುಲುಂಡಿನ ಒಂದು ಸೊಸೈಟಿಗೆ ಒಬ್ಬ ಕಾಂಟ್ರಾಕ್ಟರ್ ಕೊಟ್ಟ ಕ್ವಟೇಶನ್ ನನ್ನ ಕೈಗೆ ಬಂತು. ಅದರಲ್ಲಿ ಪಿಲ್ಲರುಗಳ 'ರೀವ್ಯಾಂಪ್' ಅಂತ ಬರೆದಿದ್ದ. ಕಮಿಟಿಯವರು ದೊಡ್ಡ ಕೆಲಸವೇ ಇರಬೇಕು ಅಂದುಕೊಂಡು ಸಹಿ ಹಾಕಿದ್ದರು. ಆಗಿದ್ದು ಪ್ಲಾಸ್ಟರು, ಅದರ ಮೇಲೆ ಬಣ್ಣ. ಒಳಗಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿತ್ತು. ಮುಂಬಯಿಯ ಉಪ್ಪುಗಾಳಿಗೆ ಅದು ಮಾಮೂಲಿ. ಉಬ್ಬಿದ ಕಬ್ಬಿಣ ಕಾಂಕ್ರೀಟನ್ನು ಒಳಗಿಂದಲೇ ಒಡೆಯುತ್ತದೆ. ಬಣ್ಣ ಹೊಡೆದರೆ ಬಿರುಕು ಮುಚ್ಚುತ್ತದೆ, ತುಕ್ಕು ನಿಲ್ಲುವುದಿಲ್ಲ. ಡಿಕ್ಷನರಿಯಲ್ಲಿ ರೀವ್ಯಾಂಪ್ ಹತ್ತಿರ ನೋಡಿ. ರೂಪ ಬದಲಾಯಿಸುವುದು, ಸಾಮಾನ್ಯವಾಗಿ ಚಂದ ಕಾಣಲಿ ಅಂತ. ಕಾಂಟ್ರಾಕ್ಟರ್ ಬರೆದದ್ದನ್ನೇ ಮಾಡಿದ್ದ. ಸಹಿಗೆ ಮುಂಚೆ ಆ ಪುಟವನ್ನು ಯಾರಾದರೂ ತೆರೆದಿದ್ದರೆ ಆ ಜನರ ದುಡ್ಡು ಉಳಿಯುತ್ತಿತ್ತಲ್ಲ ಅಂತ ಈಗಲೂ ಹೊಟ್ಟೆ ಉರಿಯುತ್ತದೆ.

ಈ ಪುಸ್ತಕದ ಗುಣ ಇರುವುದೇ ಇಲ್ಲಿ. ಬರೀ ಅರ್ಥ ಕೊಟ್ಟು ಬಿಡುವುದಿಲ್ಲ, ಆ ಕ್ರಿಯಾಪದ ಯಾವ ವಸ್ತುವಿನ ಜೊತೆ ಬರುತ್ತದೆ ಅನ್ನುವುದನ್ನೂ ಸೇರಿಸಿ ಹೇಳುತ್ತದೆ. ರಿನೊವೇಟ್ ಅಂದರೆ ಹಳೆ ಕಟ್ಟಡವನ್ನೋ ಪೀಠೋಪಕರಣವನ್ನೋ ರಿಪೇರಿ ಮಾಡಿ, ಬಣ್ಣ ಹಚ್ಚಿ ಮತ್ತೆ ಒಳ್ಳೆ ಸ್ಥಿತಿಗೆ ತರುವುದು. ರಿಫರ್ಬಿಶ್‌ನಲ್ಲಿ ಒತ್ತು ಇರುವುದು ಶುಚಿ ಮಾಡುವುದರ ಮೇಲೆ, ಅಲಂಕಾರದ ಮೇಲೆ. ಆಫೀಸು, ಹೋಟೆಲ್ ರೂಮು, ಇಂಥವಕ್ಕೆ ಸರಿ. ರೀಮಾಡೆಲ್ ಅಂದರೆ ಆಕಾರವನ್ನೇ ಬದಲಾಯಿಸುವುದು, ಅಂದರೆ ಗೋಡೆಗೆ ಸುತ್ತಿಗೆ ಬೀಳುತ್ತದೆ. ಓವರ್‌ಹಾಲ್ ಯಂತ್ರಕ್ಕೆ ಮತ್ತು ವ್ಯವಸ್ಥೆಗೆ: ಭಾಗ ಭಾಗ ಬಿಚ್ಚಿ ನೋಡಿ ಬೇಕಾದ್ದನ್ನು ಬದಲಿಸುವುದು. ನೀರಿನ ಪಂಪಿಗೆ ನಾನು ಇದನ್ನೇ ಬರೆಯುತ್ತೇನೆ. ರೆಟ್ರೋಫಿಟ್ ಅಂದರೆ ಮೊದಲು ಇಲ್ಲದಿದ್ದ ಭಾಗವನ್ನು ಆಮೇಲೆ ಕೂರಿಸುವುದು. ಪುಸ್ತಕ ಇದನ್ನು ಯಂತ್ರಕ್ಕೆ ಹೇಳುತ್ತದೆ. ನಮ್ಮ ಇಂಜಿನಿಯರುಗಳು ಪಿಲ್ಲರಿಗೆ ಹೊರಗಿಂದ ಕಬ್ಬಿಣ, ಕಾಂಕ್ರೀಟಿನ ಕವಚ ಕಟ್ಟುವುದಕ್ಕೂ ಇದನ್ನೇ ಬಳಸುತ್ತಾರೆ.

ರಿಸ್ಟೋರ್ ಬೇರೆ ಜಾತಿಯ ಪದ. ಮೊದಲು ಹೇಗಿತ್ತೋ ಹಾಗೆಯೇ ತರಬೇಕು. ಭಾಯಖಳಾದ ಭಾವು ದಾಜಿ ಲಾಡ್ ಮ್ಯೂಸಿಯಂ 1872ರಲ್ಲಿ ಬಾಗಿಲು ತೆರೆದದ್ದು. ಅದನ್ನು ಸರಿಮಾಡಿದ ಕೆಲಸಕ್ಕೆ 2005ರಲ್ಲಿ ಯುನೆಸ್ಕೋದ ಏಷ್ಯಾ ಪೆಸಿಫಿಕ್ ಪ್ರಶಸ್ತಿ ಬಂತು. ಒಳಗೆ ಹೋಗಿ ಆ ಕಂಬ, ಆ ಚಾವಣಿ ನೋಡಿದರೆ ರಿಸ್ಟೋರ್ ಪದದ ಅರ್ಥ ಕಣ್ಣಿಗೇ ಸಿಗುತ್ತದೆ. ಲೋವರ್ ಪರೇಲಿನಲ್ಲಿ ಫೀನಿಕ್ಸ್ ಮಿಲ್ ಇದ್ದ ಜಾಗ ಮಾಲ್ ಆಯಿತಲ್ವಾ, ಅದಕ್ಕೆ ಕನ್ವರ್ಟ್. ಈ ಎರಡನ್ನೂ ಹೊಸ ಹುಡುಗರು ಸುಮ್ನೆ 'ರೀಡಿಸೈನ್' ಅಂತ ಬರೆದುಬಿಡುತ್ತಾರೆ. ರೀಡಿಸೈನ್ ನಕ್ಷೆಯ ಮಟ್ಟದ ಮಾತು. ಸೈಟಿನಲ್ಲಿ ಏನು ಮಾಡುತ್ತಾರೆ ಅಂತ ಅದರಿಂದ ಗೊತ್ತಾಗುವುದಿಲ್ಲ.

ಈ ಡಿಕ್ಷನರಿ ನಮ್ಮಂಥವರಿಗೆ ಇಷ್ಟು ಹತ್ತಿರ ಆಗುವುದಕ್ಕೆ ಕಾರಣ ಅದು ಹುಟ್ಟಿದ ರೀತಿ. ಎ. ಎಸ್. ಹಾರ್ನ್‌ಬಿ ಜಪಾನಿನಲ್ಲಿ ಇಂಗ್ಲಿಷ್ ಮೇಷ್ಟ್ರಾಗಿದ್ದವರು. ಇಬ್ಬರು ಸಹೋದ್ಯೋಗಿಗಳ ಜೊತೆ ಸೇರಿ ಅಲ್ಲಿಯ ವಿದ್ಯಾರ್ಥಿಗಳಿಗಾಗಿ ಮಾಡಿದ್ದು 1942ರಲ್ಲಿ ಟೋಕಿಯೋದಲ್ಲಿ ಅಚ್ಚಾಯಿತು. 1948ರಲ್ಲಿ ಆಕ್ಸ್‌ಫರ್ಡ್ ಅದನ್ನು ತಂದಿತು. ಇಂಗ್ಲಿಷ್ ಮನೆಮಾತಲ್ಲದವನು ಎಲ್ಲಿ ಎಡವುತ್ತಾನೆ ಅಂತ ಹತ್ತಿರದಿಂದ ಕಂಡ ಮೇಷ್ಟ್ರ ಕೈ ಇದರಲ್ಲಿದೆ. ಕ್ರಿಯಾಪದವನ್ನು ವಾಕ್ಯದಲ್ಲಿ ಕೂರಿಸುವ ಕ್ರಮಕ್ಕೆ ಹಾರ್ನ್‌ಬಿ ಬಹಳ ತಲೆ ಕೆಡಿಸಿಕೊಂಡಿದ್ದರು.

ಕೊರತೆ ಇಲ್ಲ ಅಂತಲ್ಲ. ಮನೆ ದುರಸ್ತಿಯ ಪದಗಳನ್ನೆಲ್ಲ ಒಂದೇ ಕಡೆ ಕೊಡುವ ಒಂದು ಬಾಕ್ಸ್ ಪುಸ್ತಕದಲ್ಲಿ ಇದೆ. ಬಲು ಉಪಯೋಗ. ಆದರೆ ಅದು ಇಂಗ್ಲೆಂಡಿನ ಮನೆ. ಚಳಿಗೆ ಇಡೀ ಮನೆ ಬೆಚ್ಚಗಿಡುವ ಸೆಂಟ್ರಲ್ ಹೀಟಿಂಗು, ಕಿಟಕಿಗೆ ಎರಡು ಪದರ ಗಾಜು ಹಾಕುವ ಡಬಲ್ ಗ್ಲೇಜಿಂಗು. ಜೂನ್ ಬಂದರೆ ಟೆರೇಸಿನಿಂದ ನೀರು ಜಿನುಗುವ ನಮಗೆ ಬೇಕಾದ್ದು ವಾಟರ್‌ಪ್ರೂಫಿಂಗಿನ ಮಾತು. ಇನ್ನೊಂದು, ರೀಡೆವಲಪ್. ಪುಸ್ತಕದಲ್ಲಿ ಅದು ಒಂದು ಪ್ರದೇಶಕ್ಕೆ ಸೇರಿದ ಪದ. ಮುಂಬಯಿಯಲ್ಲಿ ಒಂದೇ ಕಟ್ಟಡಕ್ಕೂ ಅದೇ ಪದ: ಹಳೆಯದನ್ನು ಪೂರ್ತಿ ಕೆಡವಿ, ಬಿಲ್ಡರ್ ಹೊಸದು ಕಟ್ಟಿ, ಸದಸ್ಯರಿಗೆ ಮನೆ ಕೊಟ್ಟು, ಉಳಿದದ್ದನ್ನು ಮಾರುವುದು. ವರ್ಲಿಯ ಬಿಡಿಡಿ ಚಾಳುಗಳಿಗೆ, ಅಂದರೆ ಬ್ರಿಟಿಷರ ಕಾಲದ ಸಾಲುಕೋಣೆಯ ಕಟ್ಟಡಗಳಿಗೆ, ಆಗುತ್ತಿರುವುದೂ ರೀಡೆವಲಪ್‌ಮೆಂಟೇ. ಇದನ್ನು ಡಿಕ್ಷನರಿ ನೋಡಿ ತಿಳಿಯಲು ಆಗುವುದಿಲ್ಲ.

ಹಳೆ ಕಟ್ಟಡಗಳಿಗೆ ಮುಂಬಯಿ ಮುನಿಸಿಪಾಲಿಟಿ ಮಾಡಿರುವ ವರ್ಗಗಳನ್ನೂ ಇದರ ಪಕ್ಕಕ್ಕೆ ಇಟ್ಟುಕೊಳ್ಳಬೇಕು. 30 ವರ್ಷ ದಾಟಿದ ಕಟ್ಟಡಕ್ಕೆ ಸ್ಟ್ರಕ್ಚರಲ್ ಆಡಿಟ್, ಅಂದರೆ ಕಟ್ಟಡ ಎಷ್ಟು ಗಟ್ಟಿ ಇದೆ ಅನ್ನುವ ಪರೀಕ್ಷೆ, ಕಡ್ಡಾಯ. ವರದಿಯಲ್ಲಿ ಸಿ-1 ಬಂದರೆ ಖಾಲಿ ಮಾಡಿ ಕೆಡವಬೇಕು. ಸಿ-2ಎ ಆದರೆ ಖಾಲಿ ಮಾಡಿ ದೊಡ್ಡ ರಿಪೇರಿ, ಬೇಕಾದರೆ ಸ್ವಲ್ಪ ಭಾಗ ಕೆಡವುವುದು. ಸಿ-2ಬಿ ಅಂದರೆ ಜನ ಇರುವಾಗಲೇ ರಿಪೇರಿ. ಸಿ-3 ಅಂದರೆ ಸಣ್ಣಪುಟ್ಟ ಕೆಲಸ. ಒಂದು ವಯಸ್ಸಾದ ದಂಪತಿ ಮನೆ ಬಿಡಬೇಕಾ, ಬೇಡವಾ ಅನ್ನುವುದು ಇಲ್ಲಿ ತೀರ್ಮಾನ ಆಗುತ್ತದೆ. ಇಂಥ ಪತ್ರ ಬರೆಯುವಾಗ ನಾನು ಪ್ರತಿ ಕ್ರಿಯಾಪದವನ್ನೂ ಈ ಪುಸ್ತಕದಲ್ಲಿ ನೋಡಿಯೇ ಹಾಕುತ್ತೇನೆ.

2020ರಲ್ಲಿ 10ನೇ ಆವೃತ್ತಿ ಬಂದಿದೆ, ಆನ್‌ಲೈನಿನಲ್ಲಿ ಪುಕ್ಕಟೆಯೂ ಸಿಗುತ್ತದೆ. ಪತ್ರ ಬರೆಯುವ ಕೆಲಸಕ್ಕೆ ಹಳೆ ಪ್ರತಿ ಧಾರಾಳವಾಗಿ ಸಾಕು. ಫುಟ್‌ಪಾತಿನಲ್ಲಿ ಕೊಳ್ಳುವಾಗ ಬೈಂಡಿಂಗ್ ಬಿಟ್ಟಿದೆಯಾ ನೋಡಿ, ಆಮೇಲೆ 'ಆರ್' ಅಕ್ಷರದ ಪುಟಗಳೆಲ್ಲ ಇವೆಯಾ ಅಂತ ತಿರುಗಿಸಿ ನೋಡಿ. ನಮಗೆ ಬೇಕಾದ ಪದಗಳು ಜಾಸ್ತಿ ಇರುವುದು ಅಲ್ಲೇ.